ಮೂಸೆಗೆ ಬಿದ್ದ ಮೀಸೆ

ಉಪ್ಪಿನ ಮಾವನ ಮೀಸೆಯ ವಿಷಯದಲ್ಲಿ ಉತ್ಪ್ರೇಕ್ಷೆಯ ಅಗತ್ಯವೇ ಇಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕು, ಕೇಳಿದವರು ಕೂತಲ್ಲೇ ಕೂರುತ್ತಾರೆ. ಮಾವ ಮನೆಗೆ ಬರುವಾಗ ಮೊದಲು ಒಳಗೆ ಬರುತ್ತಿದ್ದದ್ದು ಮೀಸೆ. ಅದು ಬಂದು, ಕೂತು, ಒಂದು ಲೋಟ ಕಾಫಿ ಮುಗಿಸಿದ ಮೇಲೆ ಮಾವ ಬರುತ್ತಿದ್ದರು. ಎಡತುದಿಯ ಮೇಲೆ ಬಿಸಿಲು, ಬಲತುದಿಯ ಮೇಲೆ ತುಂತುರು ಮಳೆ, ಎರಡೂ ಒಂದೇ ಹೊತ್ತಿಗೆ ಬಿದ್ದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಸಾಲದ್ದಕ್ಕೆ, ಕುದಿಯುವ ಉಪ್ಪುನೀರಿನ ಹನಿ ಸಿಡಿದು ಸಿಡಿದು ಅದರ ಕೂದಲುಕೂದಲಿಗೂ ಸಣ್ಣ ಹರಳು ಕಟ್ಟಿ, ದೀಪ ಹಚ್ಚಿದರೆ ಮುಖದ ಮೇಲೆ ತೂಗುದೀಪ ಕಟ್ಟಿದಂತೆ ಮಿಣಮಿಣ ಎನ್ನುತ್ತಿತ್ತು. ಮೀಸೆ ಚಿಗುರಿದ ದಿನದಿಂದ ಅದಕ್ಕೆ ಕತ್ತರಿ ತುದಿ ತಾಕಿಸಿದ್ದುಂಟು, ಕ್ಷೌರದ ಕತ್ತಿ ತಾಕಿಸಿದ್ದಿಲ್ಲ. ಮಾವನ ಮೇಲ್ತುಟಿ ಹೇಗಿದೆ ಎಂಬುದು ಅವರನ್ನು ಕಟ್ಟಿಕೊಂಡ ಅತ್ತೆಗೂ ಗೊತ್ತಿರಲಿಲ್ಲ.

ಸೊಸೆಗೆ ಅವರು ಗಂಡನ ತಂದೆ. ಬರೀ ಮಾವ ಎಂದರೆ ಸಾಕಾಗುತ್ತಿತ್ತು. ಆದರೆ ಆ ಮನೆಗೆ ಇನ್ನೊಬ್ಬ ಮಾವನ ಓಡಾಟವೂ ಇತ್ತು. ಅವರು ಅತ್ತೆಯ ಅಣ್ಣ, ಎರಡು ಬೀದಿಯಾಚೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಇಟ್ಟವರು. ಹಾಗಾಗಿ ಅವರು ಬಣ್ಣದ ಮಾವ, ಇವರು ಉಪ್ಪಿನ ಮಾವ. ಒಬ್ಬರ ಕೈ ಮೊಣಕೈವರೆಗೂ ನೀಲಿ, ಇನ್ನೊಬ್ಬರದು ಯಾವಾಗಲೂ ಬಿಳಿ. ಸೊಸೆ ಮದುವೆಗೆ ಮುಂಚೆ ಔಷಧಿಗಳನ್ನು ಪರೀಕ್ಷೆ ಮಾಡುವ ಕಡೆ ಕೆಲಸ ಮಾಡಿದವಳು. ಸಿಲ್ವರ್ ನೈಟ್ರೇಟ್ ತಾಗಿ ತಾಗಿ ಅವಳ ಬೆರಳ ತುದಿಗಳು ಕಪ್ಪು. “ಈ ಮನೇಲಿ ಕೈ ಬಣ್ಣದ ಕೈ ಇರೋದು ನಂದೊಂದೇ,” ಎಂದು ಅತ್ತೆ ಹೆಮ್ಮೆ ಪಡುತ್ತಿದ್ದರು.

ಉಪ್ಪಿನ ಮಾವ ಮಾಡುತ್ತಿದ್ದದ್ದು ಊಟದ ಉಪ್ಪಲ್ಲ, ಗ್ಲಾಬರ್ ಉಪ್ಪು. ನಾಲಿಗೆಗಿಟ್ಟರೆ ಕಹಿ. ಬಣ್ಣದ ತೊಟ್ಟಿಗೆ ಹಾಕಿದರೆ ಮಾತ್ರ ಅದರ ಮಹಿಮೆ ಗೊತ್ತಾಗುತ್ತದೆ: ಬಣ್ಣ ನೀರಿನ ಸಹವಾಸ ಬಿಟ್ಟು ಬಟ್ಟೆಯನ್ನು ತಬ್ಬಿಕೊಳ್ಳುತ್ತದೆ. ಮನೆಯ ಹಿಂದೆಯೇ ತಗಡಿನ ಶೆಡ್ಡು, ಶೆಡ್ಡಿನಲ್ಲಿ ತೊಟ್ಟಿಗಳು, ತೊಟ್ಟಿಗಳಲ್ಲಿ ಗಾಜಿನ ಕಡ್ಡಿಯಂಥ ಹರಳು.

ಒಂದು ಬೆಳಿಗ್ಗೆ ಬಣ್ಣದ ಮಾವ ನೀಲಿ ಬಟ್ಟೆಯ ಥಾನೊಂದನ್ನು ಹೆಗಲ ಮೇಲೆ ಹೊತ್ತು ಬಂದು ನಡುಮನೆಯಲ್ಲಿ ಧೊಪ್ಪೆಂದು ಕೆಡವಿದರು. ಬಟ್ಟೆ ಬಿಚ್ಚಿಕೊಂಡು ಅಡುಗೆಮನೆ ಬಾಗಿಲವರೆಗೂ ಉರುಳಿತು. ಒಂದು ಕಡೆ ಅಮಾವಾಸ್ಯೆ, ಪಕ್ಕದಲ್ಲೇ ಹುಣ್ಣಿಮೆ. ಮೈತುಂಬ ಪಟ್ಟೆ, ಮಚ್ಚೆ.

“ಏನ್ ಭಾವ ಇದು, ಹಸು ನೆಕ್ಕಿದ ಹಾಗಿದೆ?” ಎಂದರು ಉಪ್ಪಿನ ಮಾವ.

“ಹಸು ಅಲ್ಲ ಭಾವ, ನಿಮ್ಮ ಉಪ್ಪು ನೆಕ್ಕಿದ್ದು. ಬಣ್ಣ ಅದೇ, ಅಳತೆ ಅದೇ, ಕೈ ಅದೇ. ಬದಲಾಗಿರೋದು ಈ ಸಲದ ನಿಮ್ಮ ಮೂಟೆ ಒಂದೇ. ಉಪ್ಪು ಕೊಡಿ ಅಂದ್ರೆ ನೀರು ತುಂಬಿ ಕಳಿಸ್ತಿದೀರಲ್ಲ! ಅರ್ಧಕ್ಕರ್ಧ ನೀರೇ ಇದೆ ಅದ್ರಲ್ಲಿ!”

ನೀರು ಎಂಬ ಮಾತು ಬಿದ್ದದ್ದೇ ತಡ, ಗೋಡೆ ಗಡಿಯಾರ ಟಿಕ್ ಎಂದದ್ದು ಟಕ್ ಎನ್ನಲು ಹೆದರಿತು. ಹಾಲಿನವರಿಗೆ ಆ ಮಾತು ಹೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಉಪ್ಪಿನವರಿಗೆ ಹೇಳುವುದೇ?

ಮಾವ ಶೆಡ್ಡಿಗೆ ಹೋಗಿ ಒಂದು ಬೊಗಸೆ ಉಪ್ಪು ತಂದರು. ಹಿಂದಿನ ಮಳೆಗಾಲದಲ್ಲಿ ಯಾರೋ ಉಪ್ಪು ಒದ್ದೆ ಎಂದು ಗೊಣಗಿದ್ದಕ್ಕೆ ಅವರು ಈಚೆಗಷ್ಟೇ ಎರಡು ರಾಕ್ಷಸ ಫ್ಯಾನು ಕೊಂಡು, ಹರಳನ್ನು ನೆರಳಲ್ಲಿ ಹರವಿ, ಹಗಲಿಡೀ ಗಾಳಿ ಊದಿಸುತ್ತಿದ್ದರು. ಆ ಗಾಳಿಗೆ ಪಕ್ಕದ ಬೀದಿಯಲ್ಲಿ ಒಣಹಾಕಿದ್ದ ಬಟ್ಟೆ ತಂತಿ ಸಮೇತ ಊರು ಬಿಡುತ್ತಿತ್ತು. ಅವರು ಬೊಗಸೆ ಎತ್ತಿ ಉಪ್ಪನ್ನು ಗಾಳಿಗೆ ತೂರಿದರು. ಅದು ಹಿಟ್ಟಿನಂತೆ ಹಾರಿ ಎಲ್ಲರ ತಲೆ ನರೆಸಿತು.

“ಎಲ್ಲಿದೆ ನೀರು? ಹಿಂಡಿ ತೋರ್ಸಿ ಭಾವ! ಒಂದೇ ಒಂದು ಹನಿ ನೀರು ತೋರ್ಸಿದ್ರೆ ಈ ಮೀಸೆ ಬೋಳಿಸ್ತೀನಿ!”

“ಅರ್ಧ ನೀರಿಲ್ಲ ಅಂತ ಸಾಬೀತಾದ್ರೆ ನಾನು ನನ್ನ ಬಣ್ಣದ ತೊಟ್ಟಿಗೇ ಧುಮುಕ್ತೀನಿ! ಹಾಕಿರೋ ಬಟ್ಟೆ ಸಮೇತ!”

ಅಡುಗೆಮನೆ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ಸೊಸೆಯ ಕೈಯಲ್ಲಿ ಲೋಟಗಳು ಒಂದಕ್ಕೊಂದು ಹಲ್ಲು ಕಡಿದವು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಎಲ್ಲರಿಗೂ ಗೊತ್ತು. ಉಪ್ಪೇ ನೀರು ಕುಡಿದು ಏನೂ ಅರಿಯದ ಹಾಗೆ ಒಣಗಿಕೊಂಡು ಕೂತಿರುತ್ತದೆ ಎಂಬುದು ಆ ನಡುಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

“ನೋಡಮ್ಮ,” ಎಂದರು ಉಪ್ಪಿನ ಮಾವ ಅವಳ ಕಡೆ ತಿರುಗಿ. “ಹಿಂದಿನ ಕೋಣೇಲಿ ನಿನ್ನ ತಕ್ಕಡಿ ಇದೆಯಲ್ಲ. ತೂಗಿ ಹೇಳು. ನೀನು ಹೇಳಿದ್ದೇ ಕೊನೆ ಮಾತು.”

“ಹೂಂ, ಅವಳೇ ಹೇಳ್ಲಿ,” ಎಂದರು ಬಣ್ಣದ ಮಾವ. “ಸೊಸೆ ನಿಮ್ಮ ಕಡೆಯವಳಾದ್ರೂ ತಕ್ಕಡಿಗೆ ಮಾವ ಭಾವ ಇಲ್ಲ.”

ಆ ತಕ್ಕಡಿಯೂ ಸಾಮಾನ್ಯದ್ದಲ್ಲ. ಅವಳು ತವರಿಂದ ಒಡವೆ ಬೇಡವೆಂದು ಅದನ್ನೇ ತಂದಿದ್ದಳು. ಗಾಜಿನ ಪೆಟ್ಟಿಗೆ, ಒಳಗೆ ಎರಡು ಪುಟ್ಟ ತಟ್ಟೆ. ಎದುರಿನ ಮನೆಯಲ್ಲಿ ಸೊಳ್ಳೆ ಆಕಳಿಸಿದರೂ ಅದರ ಮುಳ್ಳು ಅಲುಗುತ್ತಿತ್ತು.

ಗಂಡಸರಿಬ್ಬರೂ ಬೇರೆ ಬೇರೆ ಬಾಗಿಲಿಂದ ಹೋದ ಮೇಲೆ ಅತ್ತೆ ಸೊಸೆಯ ಮುಖ ನೋಡಿದರು. “ಏನೇ? ಕಾಫಿ ತಟ್ಟೆ ಹಿಡಿದು ಭೂಕಂಪ ಮಾಡ್ತಿದೀಯ.”

“ಅತ್ತೆ, ಮಾವ ಸೋತಾಯ್ತು.”

“ಇನ್ನೂ ತೂಗೇ ಇಲ್ವಲ್ಲೇ!”

ಸೊಸೆ ಶೆಡ್ಡಿನ ತೊಟ್ಟಿಯಿಂದ ಒಂದು ಹರಳು ತಂದು, ಬಟ್ಟೆಯಲ್ಲಿ ಒರೆಸಿ, ಗಾಜಿನ ಕೊಳವೆಗೆ ಹಾಕಿ, ಕೆಳಗೆ ಸಣ್ಣ ಉರಿ ಹಿಡಿದಳು. ಹರಳು ಸ್ವಲ್ಪ ಹೊತ್ತು ಬಿಗುಮಾನದಿಂದ ಕೂತಿತ್ತು. ಆಮೇಲೆ ಮೂಲೆ ಮೆತ್ತಗಾಯಿತು, ಬೆವರಿತು, ತನ್ನದೇ ನೀರಲ್ಲಿ ತಾನೇ ಮುಳುಗಿತು. ಕೊಳವೆಯ ತಣ್ಣನೆಯ ಬಾಯಿಯ ಬಳಿ ಹನಿ ಸಾಲುಗಟ್ಟಿತು.

ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. “ಅಯ್ಯೋ ಕಳ್ಳ! ಎಲ್ಲಿ ಬಚ್ಚಿಟ್ಟಿತ್ತು ಇಷ್ಟನ್ನ?”

“ಒಳಗೇ. ಹರಳು ಕಟ್ಟೋವಾಗ ಒಂದೊಂದು ಕಣ ಉಪ್ಪು ಹತ್ತು ಕಣ ನೀರನ್ನ ಕೈ ಹಿಡಿದು ಕೂರ್ಸಿಕೊಳ್ಳತ್ತೆ. ಅದು ಒದ್ದೆ ಅಲ್ಲ ಅತ್ತೆ. ಅದೂ ಹರಳಿನ ಗೋಡೆಯ ಇಟ್ಟಿಗೆನೇ.”

“ಹಾಗಾದ್ರೆ ನಿಮ್ಮ ಮಾವ ಇಷ್ಟು ದಿನ ಮಾರಿದ್ದು…”

“ನ್ಯಾಯವಾದ ಹರಳಲ್ಲಿ ನೂರಕ್ಕೆ ಐವತ್ತಾರು ಪಾಲು ನೀರು.”

ಅತ್ತೆ ಅಲ್ಲೇ ಮಣೆ ಎಳೆದು ಕೂತರು. ಅರ್ಧ ನೀರು ಎಂದು ಅಣ್ಣ ಬೈದದ್ದು ಬೈಗುಳವೇ ಅಲ್ಲ, ಕಡಿಮೆ ಹೊಗಳಿಕೆ! ಆದರೆ ಮೀಸೆ? ಒಂದು ಹನಿಗೇ ಹೋಗುವ ಮೀಸೆಗೆ ಈ ಪ್ರಳಯ ಯಾವ ಲೆಕ್ಕ? ಸೊಸೆ ಉರಿ ಆರಿಸಿದಳು. ಮನೆ ಹೊಕ್ಕು ವರ್ಷ ತುಂಬಿಲ್ಲ. ಆಗಲೇ ಮಾವನ ಮೀಸೆ ತೆಗೆಸಿದ ಸೊಸೆ ಎಂದು ಹೆಸರಾಗುವುದೇ? ಆದರೂ ಆ ಭಯದ ಅಡಿಯಲ್ಲಿ ಇನ್ನೊಂದು ಹುಳ ಕೊರೆಯುತ್ತಿತ್ತು. ಎಂದಿನ ಹರಳೇ ಆಗಿದ್ದರೆ ಎಂದಿನ ಬಣ್ಣವೇ ಕೂರಬೇಕಿತ್ತಲ್ಲ? ಬಟ್ಟೆಗೆ ಪಟ್ಟೆ ಬಿದ್ದದ್ದು ಯಾಕೆ? ಮೂಟೆಯ ಉಪ್ಪಲ್ಲಿ ನಿಜವಾಗಿ ಎಷ್ಟು ನೀರಿದೆ?

“ಹೀಗೇ ಕಾಯಿಸಿ, ಮೊದಲೂ ಕೊನೆಗೂ ತೂಗಿಬಿಡು,” ಎಂದರು ಅತ್ತೆ.

“ಕುದ್ದರೆ ಉಪ್ಪೂ ಸಿಡಿದು ಹಾರತ್ತೆ. ಹೋದದ್ದು ನೀರೋ ಉಪ್ಪೋ ಅಂತ ನಿಮ್ಮ ಅಣ್ಣ ಕ್ಯಾತೆ ತೆಗೀತಾರೆ. ಓಡಿಹೋಗೋ ನೀರಿನ ಹಿಂದೆ ಓಡೋದು ಬೇಡ. ಓಡದೆ ಕೂರೋ ಉಪ್ಪನ್ನ ಹಿಡಿಯೋಣ. ಪಂಕ್ತಿಗೆ ಯಾರು ಬರಲಿಲ್ಲ ಅಂತ ಗೊತ್ತಾಗ್ಬೇಕಾದ್ರೆ ಕೂತಿರೋ ಎಲೆ ಎಣಿಸಿದ್ರೆ ಆಯ್ತಲ್ಲ?”

ಹಿಂದಿನ ಕೋಣೆ ಮೊದಲು ಗೋಣಿಚೀಲ ಇಡುವ ಜಾಗವಾಗಿತ್ತು. ಒಂದು ಕಿಟಕಿ, ಒಂದು ಕಲ್ಲುಚಪ್ಪಡಿ, ಅದರ ಮೇಲೆ ತಕ್ಕಡಿ. ಸೊಸೆ ಬಣ್ಣದ ಮಾವನಿಂದ ತರಿಸಿದ ಮೂಟೆಯ ಉಪ್ಪಿನಲ್ಲಿ ಒಂದು ಗ್ರಾಂ ತೂಗಿ, ಬೀಕರಿನಲ್ಲಿ ನೀರಿಗೆ ಹಾಕಿ ಕರಗಿಸಿದಳು. ಎರಡು ಹನಿ ಆಮ್ಲ ಬಿಟ್ಟು ಬಿಸಿಗಿಟ್ಟಳು. ಆಮೇಲೆ ಕೆಂಪು ಅಕ್ಷರದಲ್ಲಿ ‘ವಿಷ’ ಎಂದು ಬರೆದ ಸೀಸೆಯಿಂದ ಬೇರಿಯಂ ಕ್ಲೋರೈಡ್ ದ್ರಾವಣ ತೆಗೆದಳು. ಆ ಹೊತ್ತಿಗೆ ಉಪ್ಪಿನ ಮಾವ ಬಾಗಿಲಲ್ಲಿ ಇಣುಕಿದರು. ಮೊದಲು ಮೀಸೆ ಬಂತು, ಎಂದಿನಂತೆ.

“ನಾನೇನೂ ನೋಡೋಕೆ ಬಂದಿದ್ದಲ್ಲಮ್ಮ. ಸುಮ್ನೆ ಈ ಕಡೆ ಹೋಗ್ತಿದ್ದೆ.”

ಆ ಕಡೆ ಹೋಗಲು ದಾರಿಯೇ ಇರಲಿಲ್ಲ, ಗೋಡೆಯಿತ್ತು.

ಹನಿ ಬಿತ್ತು. ತಿಳಿನೀರಿನ ನಡುವೆ ಒಂದು ಬಿಳಿ ಮೋಡ ಹುಟ್ಟಿತು. ಇನ್ನೊಂದು ಹನಿ, ಇನ್ನೊಂದು ಮೋಡ. ಸ್ವಲ್ಪದರಲ್ಲೇ ಬೀಕರಿನಲ್ಲಿ ಹಾಲು ಹಿಂಡಿದಂತಾಯಿತು. ಮಾವನ ಕಣ್ಣು ಎಷ್ಟು ಅಗಲವಾಯಿತೆಂದರೆ ಹುಬ್ಬುಗಳು ಜಾಗ ಸಾಲದೆ ತಲೆಗೂದಲ ಮನೆಗೆ ವಲಸೆ ಹೋದವು.

“ಇದೇನಮ್ಮ! ನನ್ನ ಉಪ್ಪು ನೀರಲ್ಲಿ ಕರಗಿ ಮಾಯ ಆಗಿತ್ತು. ಮತ್ತೆ ಬಂತಾ?”

“ವೇಷ ಬದಲಿಸಿಕೊಂಡು ಬಂತು ಮಾವ. ಇದು ಬೇರಿಯಂ ಸಲ್ಫೇಟ್. ಎಷ್ಟು ಕುದಿಸಿದ್ರೂ ಇನ್ನು ಕರಗಲ್ಲ, ತನ್ನೊಳಗೆ ನೀರಿಗೂ ಜಾಗ ಕೊಡಲ್ಲ. ಇದನ್ನ ಸೋಸಿ, ತೊಳೆದು, ಸುಟ್ಟು, ತೂಗಿದ್ರೆ ನಿಮ್ಮ ಉಪ್ಪು ಎಷ್ಟಿತ್ತು ಅಂತ ಗೊತ್ತಾಗತ್ತೆ. ಬಾಕಿ ಉಳಿದದ್ದು ನೀರು.”

“ಬಾಕಿ ಏನೂ ಉಳಿಯಲ್ಲ ಬಿಡು,” ಎಂದರು ಮಾವ. ಆದರೆ ಮೀಸೆಯ ತುದಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಗಸಿ ತಳ ಸೇರಿದ ಮೇಲೆ ಆಲಿಕೆಯಲ್ಲಿ ಸೋಸುಕಾಗದ ಮಡಿಸಿಟ್ಟು ಸೋಸಿದ್ದಾಯಿತು. ಈಗ ತೊಳೆಯುವ ಕೆಲಸ. ಗಸಿಗೆ ಅಂಟಿದ ಕ್ಲೋರೈಡ್ ಪೂರ್ತಿ ಹೋಗುವವರೆಗೂ ನೀರು ಹುಯ್ಯಬೇಕು. ಹೋಯಿತೋ ಇಲ್ಲವೋ ಎಂದು ಕೆಳಗಿಳಿದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟು ನೋಡಬೇಕು. ನೀರು ಬೆಳ್ಳಗಾದರೆ ಇನ್ನೂ ಇದೆ, ತಿಳಿಯಾಗಿದ್ದರೆ ಹೋಗಿದೆ.

ಸೊಸೆ ತೊಳೆದಳು. ಹನಿ ಬಿಟ್ಟಳು. ಬೆಳ್ಳಗಾಯಿತು. ಮತ್ತೆ ತೊಳೆದಳು. ಬೆಳ್ಳಗಾಯಿತು. ತೊಳೆದಳು ಅಂದರೆ ಅಂತಿಂಥ ತೊಳೆತವಲ್ಲ. ಅಷ್ಟು ತೊಳೆದರೆ ಕಾಗೆ ಕೊಕ್ಕರೆಯಾಗುತ್ತಿತ್ತು, ಇದ್ದಿಲು ಮಲ್ಲಿಗೆಯಾಗುತ್ತಿತ್ತು. ನೀರಿನ ಸೀಸೆ ಬರಿದಾದಂತೆ ಅತ್ತೆ ಜಾಡಿಯಿಂದ ತುಂಬಿ ತಂದಿಡುತ್ತಿದ್ದರು. ಕಿಟಕಿಯ ಬಿಸಿಲು ಚಪ್ಪಡಿಯ ಈ ತುದಿಯಿಂದ ಆ ತುದಿಗೆ ನಡೆದುಹೋಯಿತು. ಬಾಗಿಲಲ್ಲಿ ನಿಂತು ನಿಂತು ಮಾವನ ಕಾಲಿಗೆ ಬೇರು ಬಿಟ್ಟಿತು.

“ಸೊಸೆ ಅಂತ ತಂದ್ಕೊಂಡ್ರೆ ಬರೀ ಸೋಸೆ ಆಗ್ಬಿಟ್ಟಳು,” ಎಂದರು ಅತ್ತೆ. “ಎಷ್ಟು ಸೋಸ್ತೀಯೇ?”

“ಹೋಗ್ತಾನೇ ಇಲ್ಲ ಅತ್ತೆ. ಮೊದಲನೇ ಸಲ ಎಷ್ಟು ಬೆಳ್ಳಗಾಯ್ತೋ ಈಗ್ಲೂ ಅಷ್ಟೇ.”

“ಅಷ್ಟೇ” ಎಂದ ಕೂಡಲೇ ಅವಳು ತನ್ನ ಮಾತಿಗೆ ತಾನೇ ಕಿವಿಗೊಟ್ಟಳು. ತೊಳೆದರೆ ಕಡಿಮೆಯಾದರೂ ಆಗಬೇಕಲ್ಲ? ಒಂದು ಕೂದಲೆಳೆಯಷ್ಟೂ ಕಡಿಮೆಯಾಗದ ಕೊಳೆ ಅಂದರೆ ಅದು ತೊಳೆಸಿಕೊಳ್ಳುವವರ ಕೊಳೆಯೋ, ತೊಳೆಯುವವರದೋ? ಅವಳು ಇನ್ನೊಂದು ಕೊಳವೆ ತೆಗೆದು, ಗಸಿಯ ಸುದ್ದಿಗೇ ಹೋಗದೆ, ಸೀಸೆಯ ನೀರನ್ನೇ ನೇರವಾಗಿ ಸುರಿದು ಹನಿ ಬಿಟ್ಟಳು.

ಬೆಳ್ಳಗಾಯಿತು.

“ಅತ್ತೆ, ಈ ಸೀಸೆಗೆ ಏನು ತುಂಬಿದ್ರಿ?”

“ನೀರು! ಮತ್ತೇನು ಎಣ್ಣೆನಾ? ನಿನ್ನ ನೀರಿನ ಜಾಡಿ ಖಾಲಿಯಾಗಿತ್ತು ಅಂತ ಹೋದ ವಾರಾನೇ ತುಂಬಿಟ್ಟೆ. ಬರೀ ನಲ್ಲಿ ನೀರಲ್ಲಮ್ಮ. ಕುದಿಸಿ, ಆರಿಸಿ, ಬಿಳಿ ಬಟ್ಟೆ ಎರಡು ಮಡಿಕೆ ಮಾಡಿ ಸೋಸಿ ತುಂಬಿದ್ದು. ಹಸುಗೂಸಿಗೆ ಕುಡಿಸಬಹುದು, ಅಷ್ಟು ಶುದ್ಧ!”

ಸೊಸೆಗೆ ನಗು ಬಂತು, ಅಳುವೂ ಬಂತು, ಎರಡೂ ಬಾಗಿಲಲ್ಲಿ ಢಿಕ್ಕಿ ಹೊಡೆದವು. “ಕುಡಿಯೋಕೆ ಶುದ್ಧ ಅತ್ತೆ. ಕುದಿಸಿದ್ರೆ ಕ್ರಿಮಿ ಸಾಯತ್ತೆ, ಉಪ್ಪು ಸಾಯಲ್ಲ. ನಲ್ಲಿ ನೀರಲ್ಲಿರೋ ಕ್ಲೋರೈಡು ಅಲ್ಲೇ ಇದೆ. ಉಪ್ಪುನೀರಲ್ಲಿ ಉಪ್ಪು ತೊಳೀತಾ ಇದ್ದೆ ನಾನು.”

“ಅಂದ್ರೆ ಇದೆಲ್ಲ?”

“ಕರಗಿಸಿದ್ದೂ ಇದೇ ನೀರಲ್ಲೇ. ಎಲ್ಲ ಚೆಲ್ಲಿ ಮೊದಲಿಂದ ಮಾಡ್ಬೇಕು.”

ಚರಂಡಿಗೆ ಚೆಲ್ಲುವಂತಿಲ್ಲ, ಬೇರಿಯಂ ವಿಷ. ಅದಕ್ಕೆಂದೇ ಇಟ್ಟ ಮುಚ್ಚಳದ ಡಬ್ಬಕ್ಕೆ ಅವಳು ಎಲ್ಲವನ್ನೂ ಸುರಿದಳು. ಮಾವ ಬಾಗಿಲು ಬಿಟ್ಟು ಒಳಗೆ ಬಂದರು. ಪಂದ್ಯ ಮುಂದಕ್ಕೆ ಹೋದದ್ದಕ್ಕೆ ಖುಷಿ ಪಡಬೇಕಾದ ಮನುಷ್ಯ, ಆದರೆ ಕೇಳಿದ್ದೇ ಬೇರೆ: “ಹಾಗಾದ್ರೆ ಏನೂ ಇಲ್ದೇ ಇರೋ ನೀರು ಎಲ್ಲಿ ಸಿಗತ್ತಮ್ಮ?”

ಉತ್ತರ ಅತ್ತೆಯ ಅಡುಗೆಮನೆಯಲ್ಲಿತ್ತು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು, ನಡುವೆ ಒಂದು ಅಡ್ಡಣಿಗೆ, ಅದರ ಮೇಲೆ ಶುಭ್ರವಾದ ಗಾಜಿನ ಬಟ್ಟಲು ಇಟ್ಟರು. ಪಾತ್ರೆಯ ಮುಚ್ಚಳವನ್ನು ತಲೆಕೆಳಗಾಗಿ ಮುಚ್ಚಿ ಮೇಲೆ ತಣ್ಣೀರು ಹುಯ್ದರು. ಆವಿ ಎದ್ದು, ಮುಚ್ಚಳಕ್ಕೆ ಬಡಿದು, ತಣ್ಣಗಾಗಿ, ಮುಚ್ಚಳದ ಹಿಡಿಯ ತುದಿಯಿಂದ ಟೊಪ್ ಟೊಪ್ ಎಂದು ಬಟ್ಟಲಿಗೆ ಬಿತ್ತು. ಮೇಲಿನ ನೀರು ಬೆಚ್ಚಗಾದಾಗಲೆಲ್ಲ ಮಾವ ಓಡಿ ಓಡಿ ತಣ್ಣೀರು ತಂದರು. ಮದುವೆಯಾದಾಗಿನಿಂದ ಅವರು ಅಡುಗೆಮನೆಯಲ್ಲಿ ಮಾಡಿದ ಮೊದಲ ಕೆಲಸ ಅದು ಎಂದು ಅತ್ತೆ ಆಮೇಲೆ ಹನ್ನೆರಡು ಮನೆಗೆ ಹೇಳಿ ಬಂದರು.

ಆ ನೀರಿಗೆ ಸೊಸೆ ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟಳು. ಮೂವರೂ ಬಗ್ಗಿ ನೋಡಿದರು. ಏನೂ ಆಗಲಿಲ್ಲ. ತಿಳಿಯಾಗಿಯೇ ಇತ್ತು. ಏನೂ ಆಗದೇ ಇದ್ದದ್ದನ್ನು ನೋಡಿ ಅಷ್ಟು ಕುಣಿದ ಸಂಸಾರ ಭೂಮಿಯ ಮೇಲೆ ಇನ್ನೊಂದಿಲ್ಲ.

ಈ ಸಲ ಸೊಸೆ ಎರಡು ಬೀಕರು ಹೂಡಿದಳು. ಒಂದರಲ್ಲಿ ಮೂಟೆಯ ಉಪ್ಪು, ಇನ್ನೊಂದರಲ್ಲಿ ತೊಟ್ಟಿಯಿಂದ ಆಗತಾನೇ ತೆಗೆದು ಒರೆಸಿದ ಹರಳು. ತಲಾ ಒಂದು ಗ್ರಾಂ. ಕರಗಿಸಿದಳು, ಮೋಡ ಹುಟ್ಟಿಸಿದಳು, ಸೋಸಿದಳು. ತೊಳೆದ ನೀರು ಸ್ವಲ್ಪದರಲ್ಲೇ ತಿಳಿಯಾಯಿತು. ಗಸಿಯನ್ನು ಕಾಗದ ಸಮೇತ ಪಿಂಗಾಣಿಯ ಮೂಸೆಗಳಿಗೆ ಹಾಕಿ ಉರಿಯ ಮೇಲಿಟ್ಟಳು. ಕಾಗದ ಬೂದಿಯೂ ಉಳಿಯದ ಹಾಗೆ ಉರಿದುಹೋಯಿತು; ಒಳಗೆ ಬೆಳ್ಳನೆಯ ಪುಡಿ ಮಾತ್ರ.

“ಇದಕ್ಕೇನಂತಾರೆ?” ಎಂದು ಕೇಳಿದರು ಮಾವ.

“ಮೂಸೆ.”

“ಮೀಸೆನಾ?”

“ಮೂಸೆ ಮಾವ, ಮೂಸೆ. ಸುಡೋ ಬಟ್ಟಲು.”

“ಹೆಸರೇ ಸರಿ ಇಲ್ಲ,” ಎಂದು ಮಾವ ಹಿಂದೆ ಸರಿದರು.

ಮೂಸೆಗಳು ತಣ್ಣಗಾದ ಮೇಲೆ ಅವಳು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ತೂಗಿದಳು. ತೊಟ್ಟಿಯ ಹರಳಿನ ಗಸಿ ಮುಕ್ಕಾಲು ಗ್ರಾಮಿಗೂ ತುಸು ಕಡಿಮೆ ಬಂತು. ಅದು ಬರಬೇಕಾದ್ದೇ. ಮೂಟೆಯ ಉಪ್ಪಿನದು ಒಂದು ಗ್ರಾಮಿಗೆ ಇನ್ನೇನು ಮುಟ್ಟುವಂತಿತ್ತು. ತಪ್ಪಿರಬೇಕೆಂದು ಮತ್ತೆ ತೂಗಿದಳು. ಮುಳ್ಳು ಜಗ್ಗಲಿಲ್ಲ. ನೂರು ಪಾಲು ಗಸಿಗೆ ಅರವತ್ತೊಂದು ಪಾಲು ಉಪ್ಪು ಎಂಬ ಲೆಕ್ಕ ಹಾಕಿದರೆ, ಮೂಟೆಯಲ್ಲಿ ನೂರಕ್ಕೆ ಐವತ್ತೆಂಟು ಉಪ್ಪು, ನಲವತ್ತೆರಡೇ ನೀರು!

ನೀರು ಹೆಚ್ಚಾಗಿರಲಿಲ್ಲ. ಕಡಿಮೆಯಾಗಿತ್ತು. ಎಲ್ಲಿಗೆ ಹೋಯಿತು?

ಅವಳು ಹಿಂಬಾಗಿಲಿಂದ ಶೆಡ್ಡಿಗೆ ಹೋದಳು. ಎರಡು ರಾಕ್ಷಸ ಫ್ಯಾನುಗಳು ಗರ್ಜಿಸುತ್ತಿದ್ದವು. ಹರವಿದ ಉಪ್ಪಿನ ಒಂದು ಹರಳನ್ನು ಎತ್ತಿಕೊಂಡಳು. ತೊಟ್ಟಿಯಲ್ಲಿ ಗಾಜಿನಂತಿದ್ದದ್ದು ಇಲ್ಲಿ ಹೊಳಪು ಕಳೆದು ಸುಣ್ಣ ಬಳಿದಂತಿತ್ತು. ಬೆರಳಲ್ಲಿ ಒತ್ತಿದಳು. ಪುಡಿಪುಡಿಯಾಯಿತು. ಗಾಳಿ ಗೋಡೆಯ ಇಟ್ಟಿಗೆಗಳನ್ನೇ ಒಂದೊಂದಾಗಿ ಕಿತ್ತುಕೊಂಡು ಹೋಗುತ್ತಿತ್ತು! ಕೈಯಲ್ಲಿ ಉಳಿದ ಹಿಟ್ಟನ್ನು ನೋಡುತ್ತ ಅವಳು ಒಬ್ಬಳೇ ಜೋರಾಗಿ ನಕ್ಕುಬಿಟ್ಟಳು.

ಬಣ್ಣದ ಮಾವನಿಗೆ ಕರೆ ಹೋಯಿತು. ಅವರು ಚಪ್ಪಲಿಗಿಂತ ಮೊದಲು ಬಂದರು. ನಡುಮನೆಗೆ ಹೋಗುವ ಮುಂಚೆ ಅತ್ತೆ ಸೊಸೆಯ ಸೆರಗು ಎಳೆದು ಪಿಸುಗುಟ್ಟಿದರು. “ನೋಡೇ, ‘ಒದ್ದೆ ಇಲ್ಲ’ ಅಂದುಬಿಡು. ಅಷ್ಟೇ ಅನ್ನು. ಸುಳ್ಳೂ ಅಲ್ಲ, ಮೀಸೆನೂ ಉಳಿಯತ್ತೆ.”

ಸೊಸೆಗೆ ಆ ಮಾತು ಬೆಲ್ಲದಂತೆ ರುಚಿಸಿತು. ನಾಲಿಗೆಯ ತುದಿಯವರೆಗೂ ಬಂತು. ಆದರೆ ನಡುಮನೆಯಲ್ಲಿ ಇನ್ನೂ ಹಾಗೇ ಬಿದ್ದಿದ್ದ ಮಚ್ಚೆಯ ಬಟ್ಟೆ ಕಣ್ಣಿಗೆ ಬಿತ್ತು. ಒದ್ದೆ ಇಲ್ಲ ಎಂದುಬಿಟ್ಟರೆ ನಾಳೆಯೂ ಅದೇ ಉಪ್ಪು, ಅದೇ ಮಚ್ಚೆ. ಮೇಲಾಗಿ ಇಷ್ಟು ಚಂದದ ಸಂಗತಿಯೊಂದು ಕೈಗೆ ಸಿಕ್ಕಿರುವಾಗ ನುಂಗಿಕೊಂಡು ಕೂರಲು ಅವಳ ಹೊಟ್ಟೆಯಲ್ಲಿ ಜಾಗವಿರಲಿಲ್ಲ.

“ಮಾವ, ನಿಮ್ಮ ಉಪ್ಪಲ್ಲಿ ನೀರಿದೆ,” ಎಂದಳು. ಉಪ್ಪಿನ ಮಾವನ ಮೀಸೆಯ ಎರಡೂ ತುದಿ ಒಟ್ಟಿಗೆ ಕೆಳಗಿಳಿದವು. “ನೂರಕ್ಕೆ ನಲವತ್ತೆರಡು.”

“ನೋಡಿ! ನಾನು ಹೇಳ್ಲಿಲ್ವಾ?” ಎಂದು ಬಣ್ಣದ ಮಾವ ತೊಡೆ ತಟ್ಟಿದರು.

“ಅರ್ಧ ಇಲ್ಲ,” ಎಂದಳು ಸೊಸೆ. ತಟ್ಟಿದ ಕೈ ತೊಡೆಯ ಮೇಲೇ ಉಳಿಯಿತು.

“ಅಲ್ದೇ ನಿಮಗೆ ಬೇಕಾಗಿದ್ದದ್ದು ಅರ್ಧಕ್ಕಿಂತ ಜಾಸ್ತಿ ನೀರಿರೋ ಉಪ್ಪು. ಇಷ್ಟು ದಿನ ನೀವು ಬಳಸಿದ್ದು ಐವತ್ತಾರು ಪಾಲು ನೀರಿನ ಹರಳು. ನಿಮ್ಮ ಅಳತೆ ಎಲ್ಲ ಅದಕ್ಕೇ ಒಗ್ಗಿದ್ದು. ಈ ಸಲ ಫ್ಯಾನು ನೀರು ಕದ್ದುಬಿಡ್ತು. ಅದೇ ತೂಕಕ್ಕೆ ಉಪ್ಪು ಜಾಸ್ತಿ ಬಿತ್ತು. ಬಣ್ಣ ಗಾಬರಿಯಾಗಿ ಸಿಕ್ಕ ಸಿಕ್ಕ ಕಡೆ ಬಟ್ಟೆಗೆ ಅಂಟಿಕೊಳ್ತು. ಪಟ್ಟೆ ಬಂದಿದ್ದು ಅದಕ್ಕೇ.”

ಬಣ್ಣದ ಮಾವ ಬಟ್ಟೆ ನೋಡಿದರು, ಸೊಸೆಯನ್ನು ನೋಡಿದರು. “ಅಂದ್ರೆ ನೀರು ಜಾಸ್ತಿ ಅಂತ ನಾನು ಜಗಳಾಡಿದ್ದು ನೀರು ಕಡಿಮೆ ಆಗಿದ್ದಕ್ಕಾ?”

“ಹೂಂ.”

“ಅಂದ್ರೆ ನಾನು ಒಣಗಿಸಿ ಒಣಗಿಸಿ ಕೆಡಿಸಿದ್ದಾ?” ಎಂದರು ಉಪ್ಪಿನ ಮಾವ.

“ಹೂಂ.”

ಇಬ್ಬರೂ ಸೋತ ಪಂದ್ಯದಲ್ಲಿ ಯಾರು ಮೊದಲು ನಗಬೇಕು ಎಂದು ತಿಳಿಯದೆ ಭಾವಂದಿರು ಕೂತಿದ್ದರು. ಬಣ್ಣದ ಮಾವ ಮಾತಿಗೆ ತಪ್ಪುವವರಲ್ಲ. ನೇರ ಕಾರ್ಖಾನೆಗೆ ಹೋಗಿ, ಹಾಕಿದ ಬಟ್ಟೆ ಸಮೇತ ಬಿಸಿ ಆರಿದ ಬಣ್ಣದ ತೊಟ್ಟಿಗೆ ಧುಮುಕಿ, ಒಂದು ಮುಳುಗು ಹಾಕಿ ಎದ್ದು ಬಂದರು. ಮೊಣಕೈವರೆಗಿದ್ದ ನೀಲಿ ಈಗ ಕಿವಿಯವರೆಗೂ ಏರಿತ್ತು. ಹಲ್ಲು ಬಿಟ್ಟರೆ ಮಾತ್ರ ಇವರು ಯಾರೆಂದು ಗೊತ್ತಾಗುತ್ತಿತ್ತು. ಹಾಗೇ ತೊಟ್ಟಿಕ್ಕುತ್ತ ಬಂದು, “ಈಗ ನಿಮ್ಮ ಸರದಿ ಭಾವ,” ಎಂದರು.

“ನಿಲ್ಲಿ,” ಎಂದರು ಅತ್ತೆ. ಗಂಡನ ಮುಂದೆ ಅಡ್ಡ ಬಂದು ನಿಂತರು. “ನೀರು ಎಷ್ಟು ಪಾಲೋ ಅಷ್ಟು ಪಾಲು ಮೀಸೆ ತೆಗೆದ್ರೆ ಸಾಕು. ನೂರಕ್ಕೆ ನಲವತ್ತೆರಡು. ಬಾಕಿ ಐವತ್ತೆಂಟು ಇರ್ಲಿ.”

“ಆಗ್ಲಿ. ಆದ್ರೆ ಕಣ್ಣಳತೆ ಬೇಡ,” ಎಂದರು ಬಣ್ಣದ ಮಾವ. “ಸೊಸೆ ತಕ್ಕಡೀಲೇ ತೂಗಿ ಆಗ್ಬೇಕು.”

ಎಲ್ಲರೂ ಸೊಸೆಯ ಕಡೆ ತಿರುಗಿದರು. ಅವಳು ತುಟಿ ಕಚ್ಚಿಕೊಂಡಳು. ಮೀಸೆ ಉಳಿಸುವ ಬಾಗಿಲು ಅತ್ತೆ ತೆರೆದಿದ್ದರು. ಅವಳಿಗೆ ಮಾತ್ರ ಆ ಬಾಗಿಲ ಹಿಂದೆ ಗೋಡೆ ಕಾಣುತ್ತಿತ್ತು. “ಆದ್ರೆ ಅತ್ತೆ… ನಲವತ್ತೆರಡು ಪಾಲು ಎಷ್ಟು ಅಂತ ಗೊತ್ತಾಗ್ಬೇಕಾದ್ರೆ ಪೂರ್ತಿ ಮೀಸೆ ಎಷ್ಟು ತೂಗತ್ತೆ ಅಂತ ಗೊತ್ತಿರ್ಬೇಕು. ಪೂರ್ತಿ ತೂಗ್ಬೇಕಾದ್ರೆ…”

“ಪೂರ್ತಿ ಇಳಿಸ್ಬೇಕು,” ಎಂದು ಮಾತು ಮುಗಿಸಿದವರು ಉಪ್ಪಿನ ಮಾವ. ಅವರು ಎದ್ದು ನಿಂತಿದ್ದರು. ಕಣ್ಣು ಮತ್ತೆ ಅಗಲವಾಗಿತ್ತು, ಬೀಕರಿನಲ್ಲಿ ಮೊದಲ ಮೋಡ ಹುಟ್ಟಿದಾಗ ಆದ ಹಾಗೆ. “ಕರಗಿರೋದು ಎಷ್ಟು ಅಂತ ತಿಳೀಬೇಕಾದ್ರೆ ಎಲ್ಲ ಕೆಳಗೆ ಬೀಳ್ಬೇಕು. ಹಾಗೇ ಅಲ್ವೇನಮ್ಮ?”

“ಹಾಗೇ ಮಾವ.”

“ಇಷ್ಟು ವರ್ಷ ಹೊತ್ಕೊಂಡು ತಿರುಗಿದೀನಿ. ಎಷ್ಟು ಭಾರ ಅಂತ ಒಂದು ದಿನಾನೂ ಯೋಚ್ನೆ ಮಾಡ್ಲಿಲ್ಲ ನೋಡು!” ಎಂದವರೇ ಬಚ್ಚಲುಮನೆಗೆ ಹೋದರು. ಪಂದ್ಯದ ಮಾತೇ ಅವರಿಗೆ ಮರೆತುಹೋಗಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡರು. ಒಳಗಿಂದ ಕಾಡು ಕಡಿಯುವಂಥ ಸದ್ದು ಬಂತು.

ಹೊರಗೆ ಬಂದ ಮಾವನನ್ನು ಮನೆಯ ಕನ್ನಡಿ ಗುರುತು ಹಿಡಿಯಲಿಲ್ಲ. ಅತ್ತೆ ಬೆರಳಸಂದಿಯಿಂದ ನೋಡಿದರು, ಆಮೇಲೆ ಕೈ ತೆಗೆದು ನೋಡಿದರು. ಮೇಲ್ತುಟಿಯ ನಡುವೆ ಸಣ್ಣದೊಂದು ಮಚ್ಚೆಯಿತ್ತು, ಎಳ್ಳಿನಷ್ಟು. “ಅಯ್ಯೋ, ಇದು ಇಲ್ಲಿತ್ತಾ!” ಎಂದು ಅವರು ಹೊಸ ಹೆಂಡತಿಯ ಹಾಗೆ ನಕ್ಕರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಬಣ್ಣದ ಮಾವ ಬಾಯಿತುದಿಗೆ ತಂದು, ಎದುರಿನ ಬರಿ ತುಟಿ ನೋಡಿ, ವಾಪಸು ನುಂಗಿದರು.

ಸೊಸೆ ಕಾಗದದ ಪೊಟ್ಟಣದಲ್ಲಿದ್ದ ಮೀಸೆಯನ್ನು ಗಾಜಿನ ಪೆಟ್ಟಿಗೆಯೊಳಗೆ ತಟ್ಟೆಗೆ ಹಾಕಿದಳು. ಮಣಗಟ್ಟಲೆ ಭಾರವಿರಬೇಕೆಂದು ಲೋಕವೆಲ್ಲ ನಂಬಿದ್ದ ಮೀಸೆ ಒಂದು ಚಿಟಿಕೆ ಉಪ್ಪಿಗಿಂತ ಅಷ್ಟೇನೂ ಹೆಚ್ಚು ತೂಗಲಿಲ್ಲ. ಯಾರೂ ನಗಲಿಲ್ಲ. ಮಾವ ಪೆಟ್ಟಿಗೆಯ ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಮೀಸೆ ಇಲ್ಲದ್ದರಿಂದ ಅಷ್ಟು ಹತ್ತಿರ ಹೋಗಲು ಈಗ ಅಡ್ಡಿಯಿರಲಿಲ್ಲ.

“ಅದ್ರ ಮೇಲೆ ಹರಳು ಕಟ್ಟಿದೆಯಲ್ಲಮ್ಮ,” ಎಂದರು. “ಆ ಹರಳಲ್ಲೂ ನೀರಿರ್ಬೇಕಲ್ಲ?”

“ಇರತ್ತೆ ಮಾವ. ಕೂದಲಲ್ಲೂ ಒಂದಿಷ್ಟು ಇರತ್ತೆ.”

“ಕೂದಲಲ್ಲೂನಾ!” ಅವರು ಒಮ್ಮೆ ಬಣ್ಣದ ಮಾವನ ನೀಲಿ ಮುಖ ನೋಡಿದರು, ಒಮ್ಮೆ ತಕ್ಕಡಿ ನೋಡಿದರು, ಎಡಗೈ ತಂತಾನೇ ಮೀಸೆ ತಿರುವಲು ಹೋಗಿ ಬರೀ ಗಾಳಿ ತಿರುವಿ ಬಂತು. ಆಮೇಲೆ ಚಪ್ಪಡಿಯ ಮೇಲಿದ್ದ ಪಿಂಗಾಣಿ ಬಟ್ಟಲನ್ನು ತಾವೇ ಎತ್ತಿ ಅವಳ ಮುಂದಿಟ್ಟರು.

“ಹಾಗಾದ್ರೆ ಇನ್ನೇನು ನೋಡ್ತೀಯ? ಹಾಕು ಮೂಸೆಗೆ!”